ಪಟ್ಟಿಯಲ್ಲಿ ಬಿಟ್ಟ ಫ್ಲಾರೆನ್ಸ್

ರೋಮ್, ಸಿಯೆನಾ, ವೆನಿಸ್ ಎಂದು ನಾನು ಬರೆದುಕೊಟ್ಟ ಪಟ್ಟಿಯನ್ನು ನಸೀಮಾ ಎರಡು ಸಲ ಓದಿದಳು. ಶಿಡ್ಲಘಟ್ಟದಲ್ಲಿ ರೇಷ್ಮೆ ವ್ಯಾಪಾರ ಮಾಡುವ ಈ ನನ್ನ ಹಳೆಯ ವಿದ್ಯಾರ್ಥಿನಿ, ಯುಗಾದಿ ಕಳೆದ ಮೇಲೆ ಗಂಡನ ಜೊತೆ ಇಟಲಿಗೆ ಹೊರಟಿದ್ದಳು. ಸರ್ವಿಸಿನುದ್ದಕ್ಕೂ ಇತಿಹಾಸದ ಪಾಠ ಮಾಡಿದ ನಾನು ಹಂಪಿಯಾಚೆ ಹೋದವನಲ್ಲ. ಹೊಟ್ಟೆ ಉರಿದು, ನನ್ನ ಮೆಚ್ಚಿನ ಫ್ಲಾರೆನ್ಸನ್ನು ಬೇಕೆಂದೇ ಬಿಟ್ಟಿದ್ದೆ.

“ಸಾರ್, ಫ್ಲಾರೆನ್ಸ್ ಯಾಕ್ ಬಿಟ್ರಿ?” ಎಂದಳು. “ಆ ಊರಿನ ಪಾಠ ಮಾಡೋವಾಗ ನಿಮಗೆ ಬೆಲ್ ಹೊಡೆದಿದ್ದೂ ಕೇಳಿಸ್ತಿರ್ಲಿಲ್ಲ. ನಾನು ಹೊರಟಿರೋದೇ ಅದನ್ನ ನೋಡೋಕೆ.”

ತಲೆ ತಗ್ಗಿಸಿಕೊಂಡು ಫ್ಲಾರೆನ್ಸಿಗೆ ಮೂರು ದಿನ ಬರೆದುಕೊಟ್ಟೆ.

ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಆದರೆ ನಾನು ಬಚ್ಚಿಡಲು ಹೊರಟ ಊರನ್ನು ಒಂಬತ್ತನೇ ಕ್ಲಾಸಿನಲ್ಲೇ ಅವಳಿಗೆ ತೋರಿಸಿಕೊಟ್ಟವನೂ ನಾನೇ.