ಗಿರಿಜಕ್ಕನ ಸೌತೆಮಿಡಿಗೆ ತೋರಿಸಿದ ಬೆರಳು

ಪಕ್ಕದ ಮನೆಯ ತಾರಸಿಯಲ್ಲಿ ಇವತ್ತು ಸೌತೆಮಿಡಿಗಳು ತೂಗಾಡುತ್ತಿದ್ದವು. ಚಿಕ್ಕಂದಿನ ಕೊಪ್ಪದ ಮನೆಯ ಬೇಲಿ ನೆನಪಾಯಿತು.

ಮಿಡಿಗೆ ಬೆರಳನ್ನು ಮಡಚಿ ತೋರಿಸಬೇಕು, ನೆಟ್ಟಗೆ ತೋರಿಸಿದರೆ ಕೊಳೆಯುತ್ತದೆ ಎಂಬುದು ಅಮ್ಮನ ಕಾನೂನು. ಅಮ್ಮನ ಬಳ್ಳಿಯಲ್ಲಿ ಬರೀ ಎಲೆ. ಬೇಲಿಯಾಚೆ ಗಿರಿಜಕ್ಕನ ಚಪ್ಪರದಲ್ಲಿ ಎಲೆಗಿಂತ ಮಿಡಿಯೇ ಹೆಚ್ಚು.

“ಬುಡಕ್ಕೆ ಬೂದಿ ಹಾಕು ಮಾರಾಯ್ತಿ” ಎಂದು ಗಿರಿಜಕ್ಕ ದಿನಾ ಉಪದೇಶಿಸುತ್ತಿದ್ದರು. ಹಾಕಿ ಹಾಕಿ ನಮ್ಮ ಒಲೆಯಲ್ಲಿ ಬೂದಿಯೇ ಉಳಿದಿರಲಿಲ್ಲ.

ಮನೆತನದ ಮಾನ ಉಳಿಸಲು ಒಂದು ಮಧ್ಯಾಹ್ನ ನೆಟ್ಟಗಿನ ಬೆರಳು ಹಿಡಿದು ಬೇಲಿಗೆ ಹೋದೆ. ಅಮ್ಮ ಆಗಲೇ ಅಲ್ಲಿ ನಿಂತು, ಒಂದೊಂದೇ ಮಿಡಿಗೆ ನೆಟ್ಟಗೆ ಬೆರಳು ತೋರಿಸುತ್ತಿದ್ದಳು.

“ಎಂತ ಇಲ್ಲ ಕೂಸೇ, ಎಣಿಸ್ತಾ ಇದ್ದೆ.”

ವಾರ ಕಳೆದು ಗಿರಿಜಕ್ಕ ಬುಟ್ಟಿ ತುಂಬ ಸೌತೆಕಾಯಿ ತಂದರು. “ಈ ಸಲ ಒಂದೂ ಕೊಳೀಲಿಲ್ಲ ನೋಡು!” ಅಷ್ಟು ಸಿಟ್ಟಿನಿಂದ ಅಮ್ಮ ತರಕಾರಿ ಹೆಚ್ಚಿದ್ದನ್ನು ನಾನು ಮತ್ತೆ ಕಂಡಿಲ್ಲ.

ಇವತ್ತು ತಾರಸಿಯತ್ತ ನನ್ನ ಬೆರಳು ತಾನಾಗಿ ನೆಟ್ಟಗಾಯಿತು. ಎಣಿಸಿದೆ, ಅಷ್ಟೇ.