ಚೌಕಾಸಿ ಮಾಡದ ಮನೆ

ಜೋಜಮ್ಮ ಎನ್ನುವುದು ಅವಳ ಹೆಸರಲ್ಲ, ಕಸುಬಿನಿಂದ ಅಂಟಿಕೊಂಡ ಬಿರುದು. ಬೇರೆಯವರ ಮಕ್ಕಳನ್ನು ತಟ್ಟಿ ಮಲಗಿಸಿಯೇ ತಲೆಗೂದಲು ಬೆಳ್ಳಗಾದವಳು ಅವಳು. ದನಿ ಮಾತ್ರ ದೇವರಿಗೇ ಪ್ರೀತಿ. ಅವಳ ಜೋಗುಳ ತಡೆಯಲಾರದೆ ಮಕ್ಕಳು ನಿದ್ದೆ ಹೋಗುತ್ತವೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. "ಮಲಗಿದ್ರೆ ಸಾಕಲ್ವಾ, ನಾನೇನು ಸಂಗೀತದ ಪರೀಕ್ಷೆಗೆ ಕೂತಿದೀನಾ" ಎಂದು ಅವಳೂ ಅವರ ಜೊತೆ ನಗುತ್ತಿದ್ದಳು.

ಚೆನ್ನಾಗಿ ಮಾಡಿದಷ್ಟೂ ಬೇಗ ಕೈಬಿಟ್ಟುಹೋಗುವ ಕೆಲಸವೆಂದರೆ ಆಯಾ ಕೆಲಸ. ಮಗು ತಾನೇ ಉಣ್ಣಲು ಕಲಿತು, ತಾನೇ ಚಪ್ಪಲಿ ಹಾಕಿಕೊಂಡು ಶಾಲೆಯ ವ್ಯಾನು ಹತ್ತಿತೆಂದರೆ ಆಯಾಗೆ ಒಂದು ಜೊತೆ ಹೊಸ ಬಟ್ಟೆ, ನಾಲ್ಕು ಒಳ್ಳೆಯ ಮಾತು, ಆಮೇಲೆ ಮುಚ್ಚಿದ ಬಾಗಿಲು. ಜೋಜಮ್ಮ ಇದಕ್ಕೆಲ್ಲ ತಲೆಕೆಡಿಸಿಕೊಂಡವಳಲ್ಲ. ಈ ಮನೆಯಲ್ಲದಿದ್ದರೆ ಇನ್ನೊಂದು ಮನೆ, ಭೂಮಿ ಮೇಲೆ ಅಳುವ ಕೂಸುಗಳಿಗೇನು ಬರ ಬಂದಿದೆಯೇ ಎನ್ನುತ್ತಿದ್ದಳು.

ತಲೆ ಕೆಟ್ಟದ್ದು ಹೋದ ವರ್ಷ. ಮಗಳು ಜ್ವರದಲ್ಲಿ ತೀರಿಕೊಂಡಳು. ಅಳಿಯ ಕಣ್ಣೊರೆಸಿಕೊಂಡ ಕೈ ಒಣಗುವ ಮೊದಲೇ ಇನ್ನೊಬ್ಬಳ ಕೈ ಹಿಡಿದ. ನಾಲ್ಕು ವರ್ಷದ ಮೊಮ್ಮಗಳು ಒಂದು ಬಟ್ಟೆಚೀಲದೊಡನೆ ಅಜ್ಜಿಯ ಒಂಟಿ ಕೋಣೆಗೆ ಬಂದಳು. ಸಣ್ಣಗೆ, ಗುಂಡಗೆ ಇದ್ದುದರಿಂದ ಅಜ್ಜಿ ಅವಳನ್ನು ಕಡಲೆ ಎಂದು ಕರೆದಳು. ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸುವ ಮಗು ಅದು. ಕೂರು ಎಂದರೆ ಕೂರುತ್ತಿತ್ತು, ಏಳು ಎನ್ನುವ ತನಕ ಏಳುತ್ತಿರಲಿಲ್ಲ. ನೋಡಿದವರೆಲ್ಲ ಎಷ್ಟು ಒಳ್ಳೆಯ ಮಗು ಎಂದು ಹೊಗಳುತ್ತಿದ್ದರು. ಮಕ್ಕಳನ್ನು ಬಲ್ಲ ಜೋಜಮ್ಮನಿಗೆ ಆ ಒಳ್ಳೆಯತನದ ಕಾರಣ ಗೊತ್ತಿತ್ತು. ತಪ್ಪು ಮಾಡಿದರೆ ಅಜ್ಜಿಯೂ ಹೋಗಿಬಿಡುತ್ತಾಳೆ ಎಂದು ಕೂಸು ಹೆದರಿಕೊಂಡಿತ್ತು.

ಅಷ್ಟರಲ್ಲಿ ಅವಳು ದುಡಿಯುತ್ತಿದ್ದ ಮನೆಯ ಮಕ್ಕಳು ಶಾಲೆಗೆ ಸೇರಿದರು. ಹೊಸ ಮನೆ ಹುಡುಕುತ್ತ ಹೊರಟರೆ, ಮೊಮ್ಮಗಳು ಜೊತೆಗೆ ಬರುತ್ತಾಳೆ ಎಂದ ಕೂಡಲೇ ಹೋದಲ್ಲೆಲ್ಲ ಮುಖ ಸಪ್ಪಗಾಗುತ್ತಿತ್ತು. ಒಬ್ಬರು ಯೋಚಿಸಿ ಹೇಳುತ್ತೇವೆ ಎಂದರು, ಇನ್ನೂ ಯೋಚಿಸುತ್ತಲೇ ಇದ್ದಾರೆ. ಹತ್ತಿರದ ಬಾಲವಾಡಿ ಮಧ್ಯಾಹ್ನಕ್ಕೇ ಬೀಗ ಹಾಕುತ್ತಿತ್ತು. ಬೀದಿಯ ತುದಿಯ ಇಸ್ತ್ರಿಯವಳ ಬಳಿ ಬಿಡೋಣವೆಂದರೆ ಅವಳ ತಗಡಿನ ಗೂಡಿನಲ್ಲಿ ದಿನವಿಡೀ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಮನೆಯಲ್ಲಿ ಡಬ್ಬಿಗಳ ತಳ ಕಾಣತೊಡಗಿತ್ತು. ಕೆಲಸ ಬೇಕು, ಕಡಲೆಯೂ ಕಣ್ಣೆದುರಿಗಿರಬೇಕು. ಇವೆರಡೂ ಒಟ್ಟಿಗೆ ಸಿಗುವ ಒಂದು ಮನೆಗಾಗಿ ಅವಳ ಜೀವ ಬಾಯಿಗೆ ಬಂದಿತ್ತು.

ಆಗ ಉಪಾಯ ಹೇಳಿಕೊಟ್ಟವಳು ದೊಡ್ಡ ಕಟ್ಟಡವೊಂದರ ನಾಲ್ಕಾರು ಮನೆಗಳಲ್ಲಿ ಒಲೆ ಹಚ್ಚುವ ಅಡುಗೆಯವಳು. ಅಲ್ಲಿ ಚೌಕಾಸಿ ಮಾಡದೆ ಯಾರೂ ಯಾರನ್ನೂ ಕೆಲಸಕ್ಕೆ ಇಟ್ಟುಕೊಂಡದ್ದಿಲ್ಲ. ಸೊಪ್ಪಿನವನಿಂದ ಹಿಡಿದು ಡಾಕ್ಟರ ತನಕ ಎಲ್ಲರೊಂದಿಗೂ ಎಳೆದಾಡುವ ಜನ.

"ಮೊದಲೇ ಮಗು ವಿಷಯ ಎತ್ಬೇಡ, ಕೆಡ್ತೀಯ" ಎಂದಳು ಅಡುಗೆಯವಳು. "ಸಂಬಳ ಬಾಯಿಗೆ ಬಂದಷ್ಟು ಕೇಳು. ಅವರು ಇಳಿಸು ಅಂತಾರೆ, ನೀನು ಮುಖ ಸಣ್ಣ ಮಾಡ್ಕೊಂಡು ಇಳಿ. ಮತ್ತೆ ಇಳಿಸು ಅಂತಾರೆ. ಆವಾಗ ಹೇಳು, ಸರಿ ಇನ್ನೂ ಇಳೀತೀನಿ, ಆದ್ರೆ ನನ್ನ ಮೊಮ್ಮಗಳು ಒಂದು ಮೂಲೇಲಿ ಕೂತಿರ್ತಾಳೆ ಅಂತ. ಗೆದ್ದೆ ಅಂತ ಖುಷಿಯಾಗಿರ್ತಾರಲ್ಲ, ಆ ಹೊತ್ತಲ್ಲಿ ಬೇಡ ಅನ್ನೋಕೆ ಬಾಯಿ ಬರಲ್ಲ. ಹಾಗೇ ಮಗೂನ ಕರೆದು ಮುಂದೆ ನಿಲ್ಲಿಸಿಬಿಡು."

ನಾಲ್ಕನೇ ಮಹಡಿಯ ಮನೆಯೊಂದಕ್ಕೆ ತುರ್ತಾಗಿ ಆಯಾ ಬೇಕಾಗಿದೆ ಎಂಬ ಸುದ್ದಿಯನ್ನೂ ಅವಳೇ ತಂದಳು.

ಅಂದು ಜೋಜಮ್ಮ ಕಡಲೆಗೆ ತಲೆ ಬಾಚಿ ಎರಡು ಜಡೆ ಹೆಣೆದಳು. ದಾರಿಯುದ್ದಕ್ಕೂ ಪಾಠ ಹೇಳಿಸಿದಳು. ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತಿ, ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವಿನ ತಿರುವಿನಲ್ಲಿ ಅವಳನ್ನು ಕೂರಿಸಿದಳು.

"ಇಲ್ಲೇ ಕೂತಿರು. ನಾನು 'ಕಡಲೆ, ಬಾ' ಅಂತ ಕರೆಯೋವರೆಗೂ ಯಾರು ಏನು ಕೇಳಿದ್ರೂ ಮಾತಾಡಬಾರ್ದು. ಕರೆದ ಮೇಲೆ ಬಂದು ಏನು ಹೇಳ್ತೀಯ?"

ಕಡಲೆ ಅಜ್ಜಿಯ ಕಿವಿಯಲ್ಲಿ ಪಾಠ ಒಪ್ಪಿಸಿ, ತುಟಿ ಬಿಗಿದು ಕೂತಳು.

ಬಾಗಿಲು ತೆರೆದ ಹೆಂಗಸಿನ ಅಂಗಿಯ ಗುಂಡಿ ಒಂದು ಕಾಜಾ ತಪ್ಪಿ ಸಿಕ್ಕಿತ್ತು. ಹೆಗಲ ಮೇಲೆ ಕಕ್ಕಿದ ಹಾಲಿನ ಕಲೆ, ಕಂಕುಳಲ್ಲಿ ಕಿರುಚುತ್ತಿದ್ದ ಎಂಟು ತಿಂಗಳ ಗಂಡುಕೂಸು. ಮೂರು ವರ್ಷದ ಹಿರಿಮಗಳು ಮೇಜಿನ ಕೆಳಗೆ ಕೂತು ಗೋಡೆಗೆ ಬಣ್ಣ ಬಳಿಯುತ್ತಿದ್ದಳು. ಆ ತಾಯಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಗಂಡನಿಗೆ ದೂರದ ಊರಿಗೆ ವರ್ಗವಾಗಿತ್ತು. ಅವಳ ರಜೆ ಅಂದಿಗೆ ಮುಗಿದಿತ್ತು.

"ಬನ್ನಿ ಅಮ್ಮ, ಕೂತ್ಕೊಳ್ಳಿ. ಅಲ್ಲಿ ಬೇಡ, ಹಾಲು ಚೆಲ್ಲಿದೆ."

ಕೆಲಸದ ಮಾತು ಬಂತು. ಇಂಥ ಮನೆಗಳಲ್ಲಿ "ಜೊತೆಗೆ ಸ್ವಲ್ಪ ಪಾತ್ರೆ, ಸ್ವಲ್ಪ ಕಸ" ಎಂದರೆ ಇಡೀ ಮನೆಯೇ ಆಯಾಳ ತಲೆಗೆ ಬಂತೆಂದು ಅರ್ಥ. ಜೋಜಮ್ಮ ಆ ಸ್ವಲ್ಪಕ್ಕಾಗಿ ಕಾದಳು. ಅದು ಬರಲೇ ಇಲ್ಲ.

"ಮಕ್ಕಳ ಊಟ, ಸ್ನಾನ, ಅವರ ಬಟ್ಟೆ. ಸೀಸೆ ಕುದಿಸಿ ಇಡ್ಬೇಕು. ದೊಡ್ಡವಳನ್ನ ಮಧ್ಯಾಹ್ನ ನರ್ಸರಿಯಿಂದ ಕರ್ಕೊಂಡು ಬರ್ಬೇಕು. ಅಷ್ಟೇ. ಮನೆ ಕೆಲಸ ಏನೂ ಮುಟ್ಟಬೇಡಿ, ನಾನು ಬಂದು ಮಾಡ್ಕೋತೀನಿ. ಸಂಬಳ ಎಷ್ಟು ಹೇಳ್ತೀರ?"

ಜೋಜಮ್ಮ ಹಿಂದಿನ ಮನೆಯಲ್ಲಿ ಸಿಗುತ್ತಿದ್ದುದರ ಎರಡು ಪಟ್ಟು ಹೇಳಿಬಿಟ್ಟಳು. ಹೇಳಿದ ಮೇಲೆ ತನ್ನ ಬಾಯಿಗೇ ನಾಚಿಕೆಯಾಗಿ ನೆಲ ನೋಡಿದಳು.

"ಆಯ್ತು" ಎಂದಳು ಆ ತಾಯಿ.

"ಏನಮ್ಮ?"

"ಆಯ್ತು ಅಂದೆ. ಕೊಡ್ತೀನಿ. ನಾಳೆಯಿಂದ ಬರ್ತೀರಾ?"

ಅಡುಗೆಯವಳ ಪಾಠದಲ್ಲಿ ಈ ಉತ್ತರವೇ ಇರಲಿಲ್ಲ. ಇಳಿಯುವುದಕ್ಕೆ ಮೆಟ್ಟಿಲೇ ಇಲ್ಲದಿದ್ದರೆ ಯಾವ ಮೆಟ್ಟಿಲ ಮೇಲೆ ಮಗುವಿನ ಮಾತು ಎತ್ತುವುದು?

"ಜಾಸ್ತಿ ಆಯ್ತೇನೋ" ಎಂದಳು ಜೋಜಮ್ಮ. "ನೀವು ಬೇಕಾದ್ರೆ ಕಮ್ಮಿ ಮಾಡಿ ಅಂತ ಹೇಳಬಹುದು."

"ಬೇಡ ಅಮ್ಮ."

"ಒಂದು ಮಾತು ಹೇಳಿ ನೋಡಿ. ನಾನೇನು ಬೇಜಾರು ಮಾಡ್ಕೊಳ್ಳಲ್ಲ. ಎಲ್ಲರೂ ಕೇಳ್ತಾರೆ."

ಸಂಬಳ ಇಳಿಸಿ ಎಂದು ಗೋಗರೆಯುವ ಆಯಾಳನ್ನು ಆ ಕಟ್ಟಡ ಕಂಡಿರಲಿಲ್ಲ. ಬೇರೆ ದಿನವಾಗಿದ್ದರೆ ಆ ತಾಯಿಗೆ ನಗು ಬರುತ್ತಿತ್ತೋ ಏನೋ. ಅಂದು ಅವಳಲ್ಲಿ ನಗುವಷ್ಟು ತ್ರಾಣವಿರಲಿಲ್ಲ.

"ಚೌಕಾಸಿ ಮಾಡೋ ಶಕ್ತಿ ನನಗಿಲ್ಲ. ನಾಳೆ ಹೋಗ್ದಿದ್ರೆ ನನ್ನ ಜಾಗಕ್ಕೆ ಬೇರೆಯವರು ಬರ್ತಾರೆ. ನೀವು ಕೇಳಿದಷ್ಟೂ ಕೊಡ್ತೀನಿ. ಒಂದೇ ಒಂದು ಮಾತು ನಡೆಸ್ಕೊಡಿ." ಅವಳು ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. "ಮುಂಚೆ ಇದ್ದವಳು ತನ್ನ ಮಗೂನ ನನಗೆ ಗೊತ್ತಾಗದ ಹಾಗೆ ಕರ್ಕೊಂಡು ಬರ್ತಿದ್ಲು. ಆ ಮಗುಗೆ ಕೆಮ್ಮು. ಇವನಿಗೂ ಅಂಟಿ ನ್ಯುಮೋನಿಯಾ ಆಯ್ತು. ಮೂಗಿಗೆ ನಳಿಗೆ ಹಾಕಿದ್ರು. ಬದುಕಿ ಬಂದಿದ್ದೇ ದೊಡ್ಡದು. ನೀವು ಒಬ್ರೇ ಬರ್ಬೇಕು. ಬೇರೆ ಮಗು ಈ ಹೊಸ್ತಿಲು ದಾಟಬಾರ್ದು. ನಿಮ್ಮನೇಲಿ ಚಿಕ್ಕ ಮಕ್ಕಳಿಲ್ಲ ತಾನೆ?"

ಆ ಹೆಂಗಸು ಕೆಟ್ಟವಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈದುಕೊಂಡು ಎದ್ದು ಬರಬಹುದಿತ್ತು. ಜೋಜಮ್ಮನ ಕೈ ತನ್ನ ಪಾಡಿಗೆ ಚಾಚಿ ಕೂಸನ್ನು ತೆಗೆದುಕೊಂಡಿತು, ಹೊಟ್ಟೆಯ ಕೆಳಗೆ ಅಂಗೈಯಿಟ್ಟು ಬೋರಲು ಹಾಕಿ ಬೆನ್ನು ನೀವಿತು. ಕೂಸು ಒಮ್ಮೆ ತೇಗಿ, ಬಿಕ್ಕಿ, ಕಣ್ಣು ಮುಚ್ಚಿತು. ಜೋಗುಳ ಹಾಡುವ ಪ್ರಮೇಯವೇ ಬರಲಿಲ್ಲ.

ಆ ತಾಯಿ ಕುರ್ಚಿಯ ತುದಿಯಲ್ಲಿ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಯಾರೂ ಇಲ್ಲಮ್ಮ" ಎಂದಳು ಜೋಜಮ್ಮ. "ನಾನೊಬ್ಳೇ."

ಸುಳ್ಳು ಹೊರಬಿದ್ದ ಮೇಲೆ ಅದನ್ನು ವಾಪಸು ತೆಗೆದುಕೊಳ್ಳುವ ದಾರಿ ಅವಳಿಗೆ ಕಾಣಲಿಲ್ಲ. ಬೇಗ ಹೊರಟುಬಿಡೋಣವೆಂದು ಎದ್ದರೆ ಆ ತಾಯಿ ಮಲಗಿದ ಕೂಸನ್ನು ಹೆಗಲಿಗೆ ಹಾಕಿಕೊಂಡು, "ಮೆಟ್ಟಿಲ ತನಕ ಬರ್ತೀನಿ ಇರಿ" ಎಂದು ಹಿಂದೆಯೇ ಬಂದಳು. ಬೇಡ ಬೇಡ ಎಂದರೂ ಕೇಳಲಿಲ್ಲ.

ತಿರುವಿನಲ್ಲಿ ಕಡಲೆ ಕೂತಿದ್ದಳು. ಎರಡು ಜಡೆ, ಮಡಿಲಲ್ಲಿ ಜೋಡಿಸಿದ ಕೈ. ಅಜ್ಜಿಯನ್ನು ಕಂಡದ್ದೇ ಮುಖ ಅರಳಿ, ಕರೆ ಬರುತ್ತದೆಂದು ಸೊಂಟ ನೆಟ್ಟಗೆ ಮಾಡಿಕೊಂಡಳು.

"ಇದ್ಯಾರ ಮಗು?" ಎಂದಳು ಆ ತಾಯಿ. "ನಿಮ್ಮ ಜೊತೆ ಬಂದಿದ್ದಾ?"

"ಇಲ್ಲಮ್ಮ. ಯಾರ್ದೋ ಏನೋ, ನನಗೆ ಗೊತ್ತಿಲ್ಲ."

ಆ ತಾಯಿ ಬಗ್ಗಿ ನೋಡಿ ಮೆಲ್ಲಗೆ ಕೇಳಿದಳು. "ಯಾವ ಮನೆ ಪುಟ್ಟ ನಿಂದು? ಅಮ್ಮ ಎಲ್ಲಿ?"

ಕಡಲೆ ಅವಳನ್ನು ನೋಡಿದಳು. ಆಮೇಲೆ ಅಜ್ಜಿಯನ್ನು ನೋಡಿದಳು. ತುಟಿ ಇನ್ನಷ್ಟು ಬಿಗಿಯಾಯಿತೇ ಹೊರತು ಒಂದಕ್ಷರವೂ ಹೊರಬರಲಿಲ್ಲ.

"ಕೆಳಗಿನ ಮನೆಯವರದಿರ್ಬೇಕು, ಪಾಪ" ಎಂದಳು ಆ ತಾಯಿ. ಜೋಜಮ್ಮ ಮೊಮ್ಮಗಳ ಪಕ್ಕದಿಂದಲೇ, ಗೋಡೆಗೆ ಒತ್ತಿಕೊಂಡು, ಕೆಳಗಿಳಿದು ಹೋದಳು.

ಕೆಳಗೆ ಕರೆಂಟಿನ ಮೀಟರುಗಳ ಬಳಿ ನಿಂತು, ಮೇಲೆ ಬಾಗಿಲು ಮುಚ್ಚಿದ ಸದ್ದಿಗೆ ಕಿವಿಗೊಟ್ಟಳು. ಬಾಗಿಲು ಮುಚ್ಚಿತು. ಕಡಲೆ ಇಳಿದು ಬರಲಿಲ್ಲ. ಹೇಳದೆ ಏಳುವ ಮಗುವಲ್ಲ ಅದು. ಜೋಜಮ್ಮ ಬಿಕ್ಕುತ್ತ ಮತ್ತೆ ಮೂರು ಮಹಡಿ ಹತ್ತಿದಳು. ಮಾತಾಡಿದರೆ ಮೇಲಕ್ಕೆ ಕೇಳೀತೆಂದು ಬಾಯಿ ತೆರೆಯದೆ ಕೈ ಹಿಡಿದೆಬ್ಬಿಸಿ, ಸರಸರನೆ ಇಳಿಸಿಕೊಂಡು ಬೀದಿಗೆ ಬಂದಳು.

ನೇರವಾಗಿ ಹೋದದ್ದು ಇಸ್ತ್ರಿಯವಳ ಗೂಡಿಗೆ. ಇಸ್ತ್ರಿಯವಳು ಬಟ್ಟೆಯ ಮೇಲೆ ನೀರು ಚಿಮುಕಿಸುತ್ತ, ಕಡಲೆಯನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಜೋಜಮ್ಮನ ಹೊಸ ಸಂಬಳದ ಅರ್ಧ ಕೇಳಿದಳು.

"ಆಯ್ತು" ಎಂದಳು ಜೋಜಮ್ಮ.

ಇಸ್ತ್ರಿಯವಳಿಗೆ ಅನುಮಾನ ಬಂತು. "ಯಾಕೆ, ಮಗು ಏನಾದ್ರೂ ತುಂಟಿನಾ? ಕಚ್ಚುತ್ತಾ? ಕಮ್ಮಿ ಮಾಡು ಅಂತ ಒಂದು ಮಾತೂ ಅನ್ಲಿಲ್ವಲ್ಲ."

"ನೀನು ಕೇಳಿದಷ್ಟೂ ಕೊಡ್ತೀನಿ. ಒಂದೇ ಒಂದು ಮಾತು ನಡೆಸ್ಕೊಡು. ಕೆಂಡದ ಹತ್ರ ಬಿಡ್ಬೇಡ."

ಆ ತಾಯಿಯ ಮಾತೇ ತನ್ನ ಬಾಯಿಂದ ಬಂದದ್ದು ಜೋಜಮ್ಮನಿಗೆ ಆಗಲೇ ತಿಳಿಯಿತು. ಕಪಾಟಿನಷ್ಟು ಅಗಲದ ಆ ಗೂಡನ್ನು ಅವಳು ಸುತ್ತಲೂ ನೋಡಿದಳು. ಮೇಜಿನ ಕೆಳಗೆ ಬಟ್ಟೆಗಂಟುಗಳು, ಪಕ್ಕದಲ್ಲೇ ಇದ್ದಿಲ ಚೀಲ. ಕೆಂಡದಿಂದ ದೂರ ಎನ್ನುವ ಜಾಗ ಅಲ್ಲಿ ಎಲ್ಲಿಯೂ ಇರಲಿಲ್ಲ.

"ಅಯ್ಯೋ, ನೋಡ್ಕೋತೀನಿ ಬಿಡು" ಎಂದಳು ಇಸ್ತ್ರಿಯವಳು.

ಸಂಜೆ ಕೋಣೆಯಲ್ಲಿ ಜೋಜಮ್ಮ ಅನ್ನ ಕಲೆಸಿ ಕೊಟ್ಟಳು. ಕಡಲೆ ತಟ್ಟೆ ಖಾಲಿ ಮಾಡಿ, ತಟ್ಟೆ ತೊಳೆದಿಟ್ಟು, ಗೋಡೆಗೆ ಒರಗಿ ಕೂತಳು. ಮಧ್ಯಾಹ್ನದಿಂದ ಅವಳು ಮಾತಾಡಿರಲಿಲ್ಲ.

"ಕೋಪಾನಾ ಕಂದ? ಅಜ್ಜಿ ತಪ್ಪು ಮಾಡಿದ್ಲು. ಬೈದುಬಿಡು."

ಮಗು ತಲೆ ಅಲ್ಲಾಡಿಸಿತು. ಕೋಪವಲ್ಲ.

"ಹಸಿವಾ? ಜ್ವರಾನಾ?" ಹಣೆ ಮುಟ್ಟಿ ನೋಡಿದಳು, ತಣ್ಣಗಿತ್ತು. "ಏನಾದ್ರೂ ಮಾತಾಡೇ ನನ್ನವ್ವ. ನನ್ನ ಕೈಲಿ ಆಗ್ತಿಲ್ಲ."

ಕಡಲೆ ಅಜ್ಜಿಯ ಬಾಯಿಯನ್ನೇ ನೋಡುತ್ತಿದ್ದಳು, ಅಲ್ಲಿಂದ ಏನೋ ಬರಬೇಕು ಎಂಬಂತೆ. ಜೋಜಮ್ಮನಿಗೆ ಒಮ್ಮೆಲೇ ನೆನಪಾಯಿತು. ತಾನಿನ್ನೂ ಕರೆದೇ ಇಲ್ಲ. ಮೆಟ್ಟಿಲಿಂದ ಕೈ ಹಿಡಿದು ಎಳೆದುಕೊಂಡು ಬಂದಳೇ ಹೊರತು ಕರೆದಿಲ್ಲ.

ಅವಳು ಎರಡು ಹೆಜ್ಜೆ ಹಿಂದೆ ಸರಿದು ಕರೆದಳು.

"ಕಡಲೆ, ಬಾ."

ಮಗು ತಟ್ಟನೆ ಎದ್ದಿತು. ಫ್ರಾಕಿನ ನೆರಿಗೆ ಸರಿಮಾಡಿಕೊಂಡು, ಎರಡು ಹೆಜ್ಜೆ ಮುಂದೆ ಬಂದು, ಅಜ್ಜಿಯೆದುರು ನೆಟ್ಟಗೆ ನಿಂತಿತು. ದಾರಿಯುದ್ದಕ್ಕೂ ಕಲಿತ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿತು.

"ಮೇಡಂ, ನಾನು ಗಲಾಟೆ ಮಾಡಲ್ಲ. ಏನೂ ಮುಟ್ಟಲ್ಲ. ಒಂದು ಮೂಲೇಲಿ ಕೂತಿರ್ತೀನಿ. ನಮ್ಮಜ್ಜಿ ಹತ್ರ ಇರ್ಲಾ?"

ಒಪ್ಪಿಸಿ, ಉತ್ತರಕ್ಕಾಗಿ ಹಾಗೆಯೇ ನಿಂತುಕೊಂಡಿತು.