ಉಸಿರಿಗೆ ಎಂಥ ಎಂಜಲು

ಆ ನಿವೃತ್ತ ನರ್ಸಮ್ಮ ತಾಂಬರಂನಿಂದ ಎಲೆಕ್ಟ್ರಿಕ್ ಟ್ರೈನಿನಲ್ಲಿ ರಬ್ಬರ್ ಬೊಂಬೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಕನ್ನಡ ಸಂಘಕ್ಕೆ ಬರುತ್ತಿದ್ದರು. ಹೃದಯ ನಿಂತವರ ಎದೆ ಒತ್ತುವುದನ್ನೂ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನೂ ಅದರ ಮೇಲೆ ಕಲಿಸುತ್ತಿದ್ದರು. ಉಸಿರಿನ ಸರದಿ ಬಂದೊಡನೆ ನಮ್ಮ ಕಾರ್ಯದರ್ಶಿ, ಆ ಊರಿನ ತಮಿಳು ಬೆರೆಸಿ ಬೇಡವೆನ್ನುತ್ತ ಹಿಂದೆ ಸರಿಯುತ್ತಿದ್ದರು. "ವೇಣಾಂ ಮೇಡಂ, ಕಂಡಕಂಡವರೆಲ್ಲ ಬಾಯಿಟ್ಟಿರೋ ಎಂಜಲು."

ಆಕೆ ಬೊಂಬೆಯ ತುಟಿಯನ್ನು ಬಣ್ಣ ಏಳುವಂತೆ ಸ್ಪಿರಿಟ್ಟಿನಲ್ಲಿ ಉಜ್ಜಿ, "ಉಸಿರಿಗೆ ಎಂಥ ಎಂಜಲು ಸ್ವಾಮಿ?" ಎಂದು ಗದರುತ್ತಿದ್ದರು.

ಒಂದು ಭಾನುವಾರ, ತರಗತಿ ಮುಗಿದ ಮೇಲಿನ ಊಟದಲ್ಲಿ ಕಾರ್ಯದರ್ಶಿಯ ತಂದೆಯೇ ಎಲೆಯ ಮುಂದೆ ಕುಸಿದರು. ಆಕೆ ಅವರ ಎದೆ ಒತ್ತುತ್ತಲೇ, "ಯಾರಾದ್ರೂ ಉಸಿರು ಕೊಡ್ರಪ್ಪಾ, ಬೇಗ, ಸೀಕ್ರಂ!" ಎಂದು ಕಿರುಚಿದರು. ಮುದುಕರ ತುಟಿಗೆ ಸಾರನ್ನ ಅಂಟಿತ್ತು. ಸರ್ಟಿಫಿಕೇಟ್ ಪಡೆದ ಇಪ್ಪತ್ತು ಮಂದಿ ಗೂಟದ ಹಾಗೆ ನಿಂತಿದ್ದೆವು. ಆಕೆಯೇ ಸೆರಗಿನಿಂದ ಬಾಯಿ ಒರೆಸಿ, ಒತ್ತಿ, ಬಗ್ಗಿ ಉಸಿರು ಕೊಟ್ಟು, ಮತ್ತೆ ಒತ್ತಿ ಸೋತರು. ಆಂಬುಲೆನ್ಸಿನವರು ಬಂದು, ಪ್ರಾಣ ಹೋಗಿದೆ ಎಂದರು.

ಅದೇ ಬಾಯಿಗೆ ಗಂಗಾಜಲ ಬಿಡಲು ಈಗ ಸಾಲು ನಿಂತಿತು. ಮೊದಲು ಮಗ. ನಾನು ನಾಲ್ಕನೆಯವನು.

ಆಕೆ ಬೊಂಬೆಯನ್ನು ತಂದು ಹೆಣದ ಪಕ್ಕದಲ್ಲಿ ಮಲಗಿಸಿ, "ಇದಕ್ಕೂ ಎರಡು ಹನಿ ಬಿಡಿ" ಎಂದು ಬರಿಗೈಯಲ್ಲಿ ಹೊರಟುಹೋದರು.